ಕೊಟ್ಟಿಗೆಯ ಮೊದಲ ನೋಟ

(ಹೈನುಗಾರ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯತಿಗಳ ಹಾಗೂ ಹಾಲು ಉತ್ಪಾದಕರ ಸಹಕಾರ ಸಂಘಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಎರಡು ಮೂರು ಹಸುಗಳಿರುವ ಮನೆಯಲ್ಲಿ ಒಂದು ಹಸು ಕಾಯಿಲೆ ಬಿದ್ದರೆ ಆ ಸಂಗತಿ ಯಾರಿಗೆ, ಯಾವಾಗ ತಿಳಿಯುತ್ತದೆ ಎಂಬುದನ್ನು ಗಮನಿಸಬೇಕು. ಸಂಘದ ಪುಸ್ತಕದಲ್ಲಿ ಹಾಲಿನ ಅಳತೆ ಇಳಿದಿರುವುದು ಮರುದಿನ ಬೆಳಿಗ್ಗೆ ಕಾಣುತ್ತದೆ. ಪಶುವೈದ್ಯರ ಉಷ್ಣಮಾಪಕದಲ್ಲಿ ಜ್ವರ ಕಾಣುವುದು ಅದಕ್ಕಿಂತಲೂ ತಡವಾಗಿ. ಆದರೆ ಹಿಂದಿನ ರಾತ್ರಿಯೇ ಕೊಟ್ಟಿಗೆಯ ದೀಪ ಆರಿಸಲು ಹೋದಾಕೆಯ ಕಣ್ಣಿಗೆ ಗೋದಲಿಯಲ್ಲಿ ರಾಗಿಹುಲ್ಲು ಹಾಗೆಯೇ ಉಳಿದಿದ್ದುದು ಬಿದ್ದಿರುತ್ತದೆ. ‘ಯಾಕೋ ಮೇವು ಮುಟ್ಟಿಲ್ಲ’ ಎಂದು ಆಕೆ ಮನೆಯವರೊಡನೆ ಅಂದಿರಲೂಬಹುದು. ‘ಬೆಳಿಗ್ಗೆ ನೋಡೋಣ’ ಎಂಬ ಉತ್ತರವೂ ದೊರೆತಿರಬಹುದು. ಒಂದು ಹಸು ಉಳಿಯುವುದೂ ಕಳೆದುಹೋಗುವುದೂ ಅನೇಕ ಸಂದರ್ಭಗಳಲ್ಲಿ ಈ ಎರಡು ಮಾತುಗಳ ನಡುವಣ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ. ಇಂದಿನ ವಿಷಯ ಆ ಹೊತ್ತಿಗೆ ಸಂಬಂಧಿಸಿದ್ದು.

ಕೋಲಾರ, ತುಮಕೂರು, ಮಂಡ್ಯ, ಹಾಸನದಂತಹ ಜಿಲ್ಲೆಗಳಲ್ಲಿ ಹಿಂದೆ ಮನೆಮನೆಯ ಕೊಟ್ಟಿಗೆಯಲ್ಲಿದ್ದುದು ಹಳ್ಳಿಕಾರ್ ಮೊದಲಾದ ನಾಟಿ ದನಗಳು. ಅವು ಉಳುಮೆಗೂ ಗಾಡಿಗೂ ಹೆಸರಾದ ತಳಿಗಳು. ಹಾಲು ಮನೆಯ ಮಟ್ಟಿಗೆ ಮಾತ್ರ. ಬಯಲಲ್ಲಿ ಮೇದು, ಬಿಸಿಲು ತಾಳಿ, ಉಣ್ಣೆಯ ಕಾಟವನ್ನೂ ಸಹಿಸಿ ಬದುಕುವುದು ಅವುಗಳ ಗುಣ. 1974ರ ನಂತರ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹೈನು ಅಭಿವೃದ್ಧಿ ಯೋಜನೆ ಆರಂಭವಾಗಿ, ಹಳ್ಳಿಗಳಲ್ಲಿ ಹಾಲು ಸಂಘಗಳು ಹುಟ್ಟಿ, ಕೃತಕ ಗರ್ಭಧಾರಣೆ ವ್ಯಾಪಿಸಿದ ಮೇಲೆ ಕೊಟ್ಟಿಗೆಗೆ ಬಂದದ್ದು ಹೋಲ್‌ಸ್ಟೀನ್ ಮತ್ತು ಜರ್ಸಿ ಮಿಶ್ರತಳಿಯ ಹಸು. ಹಾಲು ಹಲವು ಪಟ್ಟು ಹೆಚ್ಚಿತು. ಆದರೆ ಅಜ್ಜಿಯಿಂದ ಸೊಸೆಗೆ ಬಂದ ದನದ ತಿಳಿವಳಿಕೆ ಬಹುಮಟ್ಟಿಗೆ ನಾಟಿ ದನದ ತಿಳಿವಳಿಕೆ. ಹತ್ತು ಹದಿನೈದು ಲೀಟರ್ ಹಾಲು ಕೊಡುವ ಪ್ರಾಣಿಯ ದೇಹ ಸದಾ ದುಡಿಮೆಯಲ್ಲಿರುತ್ತದೆ. ನಾಟಿ ಹಸು ಎರಡು ದಿನ ತಾಳಿಕೊಳ್ಳುವ ತೊಂದರೆಯನ್ನು ಅದು ಅರ್ಧ ದಿನವೂ ತಾಳದು. ಆದುದರಿಂದ ಹಳೆಯ ಕಣ್ಣಿಗೆ ಹೊಸದಾಗಿ ಕಲಿಯಬೇಕಾದದ್ದು ಬಹಳಷ್ಟಿದೆ.

ದಿನದ ಕೆಲಸ ಬೆಳಗಿನ ಜಾವ ಐದರ ಸುಮಾರಿಗೆ ಆರಂಭವಾಗುತ್ತದೆ. ಬಾಗಿಲು ತೆರೆದೊಡನೆ ಪೊರಕೆ ಹಿಡಿದು ಸಗಣಿ ಬಾಚುವುದು ರೂಢಿ. ಅದಕ್ಕೂ ಮೊದಲು ಎರಡು ನಿಮಿಷ ಸುಮ್ಮನೆ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ಬಾಚಿದ ಮೇಲೆ ರಾತ್ರಿಯ ಕುರುಹುಗಳೆಲ್ಲ ತಿಪ್ಪೆ ಸೇರುತ್ತವೆ. ಆರೋಗ್ಯವಾಗಿರುವ ಹಸು ಮಲಗಿ ಮೆಲುಕು ಹಾಕುತ್ತಿರುತ್ತದೆ; ದಿನದಲ್ಲಿ ಏಳೆಂಟು ಗಂಟೆ ಮೆಲುಕಿಗೇ ಸಲ್ಲುತ್ತದೆ. ಅದರ ಮೂತಿ ತೇವವಾಗಿರುತ್ತದೆ, ಕಿವಿ ಶಬ್ದದತ್ತ ತಿರುಗುತ್ತದೆ, ಮನುಷ್ಯರನ್ನು ಕಂಡು ಎದ್ದು ಮೈಮುರಿಯುತ್ತದೆ. ಸಗಣಿ ಗಂಜಿಯಂತೆ ಬಿದ್ದು ನಡುವೆ ಸ್ವಲ್ಪ ತಗ್ಗಾಗಿ ನಿಲ್ಲುತ್ತದೆ. ಗುಂಡು ಗುಂಡಾಗಿ ಗಟ್ಟಿಯಾಗಿದ್ದರೆ ನೀರು ಸಾಲದು ಅಥವಾ ಜ್ವರದ ಮುನ್ಸೂಚನೆ. ನೀರಾಗಿ ಹುಳಿವಾಸನೆ ಬರುತ್ತಿದ್ದರೆ ಹಿಂಡಿ ಅಥವಾ ಅನ್ನ ಹೆಚ್ಚಾಗಿದೆ. ಕಿವಿಯ ಬುಡ ಮುಟ್ಟಿದಾಗ ತಣ್ಣಗಿದ್ದರೂ ಸುಡುತ್ತಿದ್ದರೂ ಎಚ್ಚರ ವಹಿಸಬೇಕು. ಹಸುವಿನ ಸಹಜ ಶಾಖ ಸುಮಾರು 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮನುಷ್ಯರಿಗಿಂತ ಹೆಚ್ಚು; ಮೈ ಬಿಸಿಯಿದೆ ಎಂದ ಮಾತ್ರಕ್ಕೆ ಜ್ವರವೆನ್ನಲಾಗದು. ಒಂದು ಉಷ್ಣಮಾಪಕ ಪ್ರತಿ ಕೊಟ್ಟಿಗೆಯಲ್ಲಿರುವುದು ಯೋಗ್ಯ. ಒಂದು ಚೀಲ ಪಶು ಆಹಾರಕ್ಕಿಂತ ಅದು ಅಗ್ಗ.

ಅನಂತರ ಹಾಲು ಕರೆಯುವ ಕೆಲಸ. ಕೆಚ್ಚಲನ್ನು ಶುದ್ಧ ನೀರಿನಿಂದ ತೊಳೆಯುವುದನ್ನು ಎಲ್ಲರೂ ಮಾಡುತ್ತಾರೆ. ಒಣಬಟ್ಟೆಯಿಂದ ಒರೆಸುವುದನ್ನು ಅನೇಕರು ಬಿಡುತ್ತಾರೆ. ಒದ್ದೆ ಕೆಚ್ಚಲಿನಿಂದ ಇಳಿಯುವ ಕೊಳೆನೀರು ಮೊಲೆತೊಟ್ಟಿನ ತುದಿಗೆ ಬಂದು ನಿಲ್ಲುವುದರಿಂದ ಅರ್ಧ ತೊಳೆದದ್ದು ತೊಳೆಯದೇ ಇದ್ದುದಕ್ಕಿಂತ ಕೆಟ್ಟದಾಗಬಹುದು. ಪ್ರತಿ ತೊಟ್ಟಿನ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಬೇಕು. ಗರಣೆ, ದಾರದಂತಹ ಎಳೆ ಅಥವಾ ರಕ್ತದ ಛಾಯೆ ಕಂಡರೆ ಅದು ಕೆಚ್ಚಲು ಬಾವಿನ ಸುಳಿವು. ತೊಳೆದು ಸವರಿದೊಡನೆ ಹಸು ಹಾಲನ್ನು ಕೆಚ್ಚಲಿಗೆ ಇಳಿಸುತ್ತದೆ. ಈ ಸೊರೆ ಐದಾರು ನಿಮಿಷ ಮಾತ್ರ ಇರುವುದರಿಂದ ಕೆಲಸ ಅಷ್ಟರೊಳಗೆ ಮುಗಿಯಬೇಕು. ಹೆಬ್ಬೆರಳನ್ನು ಮಡಚಿ ಒತ್ತುವ ಪದ್ಧತಿಯಿಂದ ತೊಟ್ಟಿನ ಒಳಪೊರೆಗೆ ಗಾಯವಾಗುತ್ತದೆ. ಐದೂ ಬೆರಳಿನ ಮುಷ್ಟಿಯಲ್ಲಿ ಹಿಡಿದು ಕರೆಯುವುದು ಸರಿಯಾದ ಕ್ರಮ. ಹಾಲು ಇಳಿಯಲೆಂದು ಸೂಜಿಮದ್ದು ಚುಚ್ಚುವ ದುರಭ್ಯಾಸ ಅಲ್ಲಲ್ಲಿ ಕೇಳಿಬರುತ್ತಿದೆ. ಅದು ಕಾನೂನಿಗೆ ವಿರುದ್ಧ, ಪ್ರಾಣಿಗೆ ಹಿಂಸೆ.

ಕರೆದು ಮುಗಿದ ಮೇಲೆ ತೊಟ್ಟಿನ ರಂಧ್ರ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಹಸು ಸಗಣಿಯ ಮೇಲೆ ಮಲಗಿದರೆ ರೋಗಾಣುಗಳಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ಕರೆದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಗೋದಲಿಗೆ ಹಸಿರು ಮೇವು ಹಾಕಿದರೆ ಹಸು ತಾನಾಗಿ ನಿಂತಿರುತ್ತದೆ. ಇದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾಲಿನ ವಾಹನ ಬರುವ ಹೊತ್ತಾಯಿತೆಂಬ ಅವಸರದಲ್ಲಿ ಮೇವು ಮೊದಲೇ ಹಾಕಿ, ಕರೆದಾದ ಮೇಲೆ ಕ್ಯಾನ್ ಹಿಡಿದು ಓಡುವುದೇ ಹೆಚ್ಚು. ಕ್ರಮವನ್ನು ಹಿಂದುಮುಂದು ಮಾಡಿದರೆ ಸಾಕು, ಹೊಸ ಕೆಲಸವೇನೂ ಸೇರುವುದಿಲ್ಲ.

ಕಣ್ಣಿಗೆ ಕಾಣುವ ಬಾವಿಗಿಂತ ಕಾಣದ ಬಾವಿನ ನಷ್ಟ ದೊಡ್ಡದು. ಕೆಚ್ಚಲು ಊದಿಲ್ಲ, ಹಾಲಿನ ಬಣ್ಣ ಕೆಟ್ಟಿಲ್ಲ, ಆದರೂ ದಿನದಿನಕ್ಕೆ ಹಾಲು ಇಳಿಯುತ್ತದೆ, ಸಂಘದಲ್ಲಿ ಕೊಬ್ಬಿಲ್ಲದ ಘನಾಂಶವೂ ಕಡಿಮೆ ಬರುತ್ತದೆ. ಯಂತ್ರ ಸರಿಯಿಲ್ಲವೆಂದು ಕಾರ್ಯದರ್ಶಿಯೊಡನೆ ಜಗಳವಾಗುವ ಪ್ರಸಂಗಗಳಲ್ಲಿ ಕೆಲವಕ್ಕಾದರೂ ಕಾರಣ ಕೆಚ್ಚಲಿನಲ್ಲಿಯೇ ಇರುತ್ತದೆ. ನಾಲ್ಕು ತೊಟ್ಟಿನ ಹಾಲನ್ನು ಬೇರೆ ಬೇರೆ ತೆಗೆದು ಪರೀಕ್ಷಾ ದ್ರಾವಣ ಬೆರೆಸಿದರೆ ರೋಗವಿರುವ ತೊಟ್ಟಿನ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ; ಪಶು ಆಸ್ಪತ್ರೆಯವರು ಕೊಟ್ಟಿಗೆಯಲ್ಲಿಯೇ ಇದನ್ನು ಮಾಡಿ ತೋರಿಸಬಲ್ಲರು. ಚಿಕಿತ್ಸೆ ಆರಂಭಿಸಿದ ಮೇಲೆ ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೂ ಹಾಕಬಾರದು, ಮನೆಯಲ್ಲೂ ಬಳಸಬಾರದು. ಈ ನಿಯಮ ಪಾಲಿಸುವುದು ಬಡ ಮನೆಗೆ ಕಷ್ಟವೇ. ಆದರೆ ಔಷಧದ ಅಂಶವಿರುವ ಒಂದು ಕ್ಯಾನ್ ಹಾಲು ಶೀತಲ ಕೇಂದ್ರದಲ್ಲಿ ಊರಿನವರೆಲ್ಲರ ಹಾಲಿಗೆ ಸೇರುತ್ತದೆ.

ಮೇವಿನ ಲೆಕ್ಕ ಬಹುಪಾಲು ಎಲ್ಲರಿಗೂ ತಿಳಿದದ್ದು. ಶರೀರ ಪೋಷಣೆಗೆಂದು ಒಂದೂವರೆಯಿಂದ ಎರಡು ಕಿಲೋ, ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಪಶು ಆಹಾರ, ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ, ಜೊತೆಗೆ ಹಸಿರು ಮೇವು ಮತ್ತು ಒಣಹುಲ್ಲು. ಈ ಲೆಕ್ಕದಲ್ಲಿ ಹೆಚ್ಚಾಗಿ ಮರೆತುಹೋಗುವುದು ನೀರು. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಇರುತ್ತದೆ. ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 60ರಿಂದ 100 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಕೆಟ್ ತೋರಿಸಿದರೆ ಅಷ್ಟು ಕುಡಿಯಲು ಸಾಧ್ಯವಿಲ್ಲ. ಗೋದಲಿಯ ಪಕ್ಕದಲ್ಲಿಯೇ ಸದಾ ನೀರು ನಿಂತಿರುವ ತೊಟ್ಟಿ ಇದ್ದರೆ, ಬೇರೆ ಏನನ್ನೂ ಬದಲಿಸದೆಯೇ ಹಾಲು ಹೆಚ್ಚಾದುದನ್ನು ಅನೇಕ ಕುಟುಂಬಗಳು ಕಂಡಿವೆ. ಆದರೆ ನೀರು ಹೊರುವವರು ಯಾರು ಎಂಬ ಪ್ರಶ್ನೆ ಇಲ್ಲಿದೆ. ಮೂರು ಹಸುಗಳಿಗೆ ಇನ್ನೂರು ಮುನ್ನೂರು ಲೀಟರ್ ಎಂದರೆ ಇಪ್ಪತ್ತಕ್ಕೂ ಹೆಚ್ಚು ಕೊಡ. ಬೀದಿ ನಲ್ಲಿಯಿಂದ ಅದನ್ನು ಹೊರುವ ಹೆಂಗಸಿನ ಸೊಂಟದ ನೋವು ಹಾಲಿನ ಉತ್ಪಾದನಾ ವೆಚ್ಚದ ಯಾವ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಉದ್ಯೋಗ ಖಾತರಿ ಯೋಜನೆಯಡಿ ಕಟ್ಟಲಾದ ಕೊಟ್ಟಿಗೆಗಳಲ್ಲಿ ಗೋಡೆ, ಛಾವಣಿಗಳಿಗೆ ದೊರೆತ ಗಮನ ನೀರಿನ ತೊಟ್ಟಿಗೂ ಗಂಜಲ ಹರಿಯುವ ಚರಂಡಿಗೂ ಎಲ್ಲೆಡೆ ದೊರೆತಿಲ್ಲ. ಮುಂದಿನ ಕ್ರಿಯಾಯೋಜನೆ ಸಿದ್ಧಪಡಿಸುವಾಗ ಗ್ರಾಮ ಪಂಚಾಯತಿಗಳು ತೊಟ್ಟಿ, ಕೊಳವೆ ಸಂಪರ್ಕ ಮತ್ತು ಜಾರದ ನೆಲ ಈ ಮೂರನ್ನು ಮೊದಲು ಪರಿಗಣಿಸುವುದು ಸೂಕ್ತ. ತಗಡಿನ ಛಾವಣಿಯಾದರೆ ಬೇಸಿಗೆಯಲ್ಲಿ ಮೇಲೆ ತೆಂಗಿನ ಗರಿ ಹೊದಿಸಬೇಕು.

ಇನ್ನೊಂದು ಅಪಾಯ ಅಡುಗೆಮನೆಯಿಂದ ಬರುತ್ತದೆ. ಕಲಗಚ್ಚು ಹಸುವಿಗೆ ಹೊಸದಲ್ಲ, ಮಿತದಲ್ಲಿ ಅದರಿಂದ ತೊಂದರೆಯೂ ಇಲ್ಲ. ಆದರೆ ಮದುವೆ, ಜಾತ್ರೆ, ತಿಥಿಗಳಲ್ಲಿ ಮಿಕ್ಕ ಅನ್ನ, ಪಾಯಸಗಳನ್ನು ಹಾಳಾಗದಿರಲೆಂದು ಬಕೆಟ್‌ಗಟ್ಟಲೆ ಸುರಿಯುವುದುಂಟು. ಬೆಂದ ಧಾನ್ಯ ಹಸುವಿನ ಹೊಟ್ಟೆಯಲ್ಲಿ ಬಹುಬೇಗ ಹುಳಿದು ಆಮ್ಲವಾಗುತ್ತದೆ. ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗುತ್ತದೆ, ಹಸು ಒಂದೆರಡು ದಿನಗಳಲ್ಲಿ ನೆಲ ಹಿಡಿಯುತ್ತದೆ. ಅನ್ನವನ್ನು ಎಸೆಯಬಾರದೆಂಬ ಸಂಸ್ಕಾರ ದೊಡ್ಡದೇ, ಆದರೂ ಉಳಿದ ಅನ್ನವನ್ನು ಈ ಸಂದರ್ಭದಲ್ಲಿ ಗೊಬ್ಬರದ ಗುಂಡಿಗೆ ಹಾಕುವುದು ವಿವೇಕ.

ಹಾಲು ಕೊಡುವ ಹಸುವಿಗೆ ಹಿಂಡಿ, ಬತ್ತಿದ ಗಬ್ಬದ ಹಸುವಿಗೆ ಬರಿಹುಲ್ಲು, ಮಣಕಕ್ಕೆ ಉಳಿದದ್ದು ಎಂಬ ರೂಢಿಯೂ ಬದಲಾಗಬೇಕು. ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸಿ ವಿಶ್ರಾಂತಿ ಕೊಡುವುದು ಮುಂದಿನ ಸೂಲಿನ ಹಾಲಿಗಾಗಿಯೇ. ಹೊಟ್ಟೆಯಲ್ಲಿನ ಕರು ಅತಿ ಹೆಚ್ಚು ಬೆಳೆಯುವುದು ಆ ಎರಡು ತಿಂಗಳಲ್ಲಿ.

ಬೆದೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ; ಅದು ಸಾಮಾನ್ಯವಾಗಿ ಒಂದು ದಿನದೊಳಗೆ ಮುಗಿಯುತ್ತದೆ. ಮಿಶ್ರತಳಿಯ ಹಸು ಎಷ್ಟೋ ವೇಳೆ ರಾತ್ರಿಯಲ್ಲಿ ಮೌನವಾಗಿಯೇ ಬೆದೆಗೆ ಬಂದು ಹೋಗುತ್ತದೆ. ಕಟ್ಟಿಹಾಕಿದ ದನ ಇನ್ನೊಂದರ ಮೇಲೆ ಹಾರುವ ಅವಕಾಶವಿಲ್ಲದುದರಿಂದ ಆ ಗುರುತು ಕಾಣದು. ಉಳಿಯುವುದು ಸಣ್ಣ ಗುರುತುಗಳು: ಬಾಲದ ಬುಡದಲ್ಲಿ ಗಾಜಿನಂತೆ ತಿಳಿಯಾದ ಲೋಳೆ, ಪದೇ ಪದೇ ಗಂಜಲ ಹೊಯ್ಯುವುದು, ಕಾರಣವಿಲ್ಲದೆ ಕೂಗುವುದು, ಆ ಹೊತ್ತಿನ ಹಾಲು ಸ್ವಲ್ಪ ತಗ್ಗುವುದು. ಇವನ್ನು ಕಾಣುವಾಕೆ ಕರೆಯುವಾಕೆಯೇ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಅನೇಕ ಮನೆಗಳಲ್ಲಿ ಮಾವನ ಅಥವಾ ಮೈದುನನ ಮುಂದೆ ಈ ಮಾತೆತ್ತಲು ಸೊಸೆಗೆ ಸಂಕೋಚ. ಗರ್ಭಧಾರಣೆ ಮಾಡುವವರಿಗೆ ಕರೆ ಮಾಡಬೇಕಾದ ಫೋನು ಗಂಡನ ಜೇಬಿನಲ್ಲಿ. ಮಾತು ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೀಗೆ ತಪ್ಪಿದ ಒಂದು ಬೆದೆಯೆಂದರೆ ಇನ್ನೂ 21 ದಿನಗಳ ಮೇವು, ಮುಂದಿನ ಕರು 21 ದಿನ ತಡ. ಇಂತಹ ಎರಡು ಮೂರು ಬೆದೆ ತಪ್ಪಿದ ಹಸುವನ್ನು ‘ಗಬ್ಬ ನಿಲ್ಲದು’ ಎಂದು ಸಂತೆಗೆ ಹೊಡೆಯುವುದುಂಟು. ಸಂಕೋಚಕ್ಕೆ ಪರಿಹಾರವಾಗಿ ಕೆಲವರು ಕೊಟ್ಟಿಗೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿ, ಬೆದೆ ಕಂಡ ದಿನಕ್ಕೆ ಸುತ್ತು ಹಾಕಿ, 21 ದಿನ ಎಣಿಸಿ ಇನ್ನೊಂದು ಸುತ್ತು ಹಾಕಿಡುತ್ತಾರೆ. ಮಾತಿಲ್ಲದೆಯೇ ಮನೆಯವರಿಗೆಲ್ಲ ತಿಳಿಯುತ್ತದೆ. ಇದು ಅನುಕರಣೀಯ.

ಕರು ಹಾಕುವ ರಾತ್ರಿ ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಡುತ್ತದೆ. ಮಾಸು ಬೀಳುವವರೆಗೆ ಕರುವಿಗೆ ಗಿಣ್ಣುಹಾಲು ಕುಡಿಸಬಾರದೆಂಬ ನಂಬಿಕೆ ಇನ್ನೂ ಇದೆ. ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ದೊರೆಯುವುದು ಗಿಣ್ಣಿನ ಮೂಲಕ ಮಾತ್ರ; ಅದನ್ನು ಹೀರಿಕೊಳ್ಳುವ ಕರುಳಿನ ಸಾಮರ್ಥ್ಯ ಗಂಟೆಗಂಟೆಗೂ ಕುಗ್ಗಿ, 24 ಗಂಟೆಗಳೊಳಗೆ ಮುಗಿದುಹೋಗುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಬಾರಿ, ಅನಂತರ ಕೆಲವು ಸಲ, ಒಟ್ಟಿನಲ್ಲಿ ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟನ್ನು ಮೊದಲ ದಿನ ಕುಡಿಸಬೇಕು. 30 ಕಿಲೋ ಕರುವಿಗೆ ಮೂರು ಲೀಟರ್. ನೆರೆಹೊರೆಗೆ ಗಿಣ್ಣು ಹಂಚುವ ಸಂಪ್ರದಾಯ ಚೆಂದದ್ದೇ, ಕರುವಿನ ಪಾಲು ತೀರಿದ ಮೇಲೆ ಅದು ನಡೆಯಲಿ.

ತಾಯಿಯ ಕಡೆಗೂ ಆ ಮೂರು ದಿನ ಕಣ್ಣಿರಬೇಕು. ಹೆಚ್ಚು ಹಾಲು ಕೊಡುವ, ಮೂರನೆಯ ಅಥವಾ ಆ ಮೇಲಿನ ಸೂಲಿನ ಹಸುವಿನ ರಕ್ತದಲ್ಲಿ ಸುಣ್ಣದ ಅಂಶ ಕರು ಹಾಕಿದೊಡನೆ ಹಠಾತ್ತನೆ ಕುಸಿಯಬಹುದು. ಇದನ್ನು ಹಾಲುಜ್ವರವೆನ್ನುತ್ತಾರೆ. ಹೆಸರು ದಾರಿ ತಪ್ಪಿಸುವಂಥದ್ದು. ಜ್ವರವಿರುವುದಿಲ್ಲ, ಮೈ ತಣ್ಣಗಾಗುತ್ತದೆ. ಮೊದಲು ನಡಿಗೆ ತೂರಾಡುತ್ತದೆ, ಆಮೇಲೆ ಹಸು ಕುಳಿತುಬಿಡುತ್ತದೆ, ಕುತ್ತಿಗೆಯನ್ನು ಪಕ್ಕೆಯತ್ತ ತಿರುಗಿಸಿ ಮಂಕಾಗಿರುತ್ತದೆ. ನೋಡಿದವರು ಸುಸ್ತಾಗಿ ಮಲಗಿದೆಯೆಂದು ಭಾವಿಸಿ ಬಾಗಿಲು ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಸಾಯಬಹುದು. ವೈದ್ಯರು ರಕ್ತನಾಳದ ಮೂಲಕ ಕ್ಯಾಲ್ಸಿಯಂ ನೀಡಿದರೆ ಅದೇ ಹಸು ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುವುದು ಸಾಮಾನ್ಯ. ವೈದ್ಯರು ಬರುವವರೆಗೆ ಹಸು ಒಂದು ಮಗ್ಗುಲಿಗೆ ಚಾಚಿಕೊಳ್ಳದಂತೆ ಎರಡೂ ಕಡೆ ಹುಲ್ಲಿನ ಮೂಟೆ ಒತ್ತಿಟ್ಟು ಎದೆಯ ಮೇಲೆ ಕೂರಿಸಬೇಕು. ಗೊಟ್ಟದಲ್ಲಿ ಗಂಜಿ, ಎಣ್ಣೆ, ಕಷಾಯ ಏನನ್ನೂ ಹೊಯ್ಯಕೂಡದು. ನುಂಗುವ ಶಕ್ತಿ ಉಡುಗಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಸುವಿನ ಆರೋಗ್ಯದಷ್ಟೇ, ಒಮ್ಮೊಮ್ಮೆ ಅದಕ್ಕಿಂತಲೂ ಮುಖ್ಯವಾದುದು ಅದನ್ನು ನೋಡಿಕೊಳ್ಳುವವರ ಆರೋಗ್ಯ. ತಿಂಗಳು ತುಂಬುವ ಮುನ್ನ ಹಸು ಕಂದು ಹಾಕಿದರೆ ಅದು ಬ್ರುಸೆಲ್ಲಾ ರೋಗವಿರಬಹುದು. ಕಂದು, ಮಾಸು ಮತ್ತು ಆ ದ್ರವಗಳನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ರೋಗಾಣು ಅಂಟುತ್ತದೆ. ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿಯ ಬೆವರು, ಕೀಲುನೋವು, ಅಶಕ್ತಿಗಳಿಂದ ನರಳುವ ಹೆಂಗಸು ಹತ್ತು ಕಡೆ ತೋರಿಸಿದರೂ, ಕೊಟ್ಟಿಗೆಯ ಕೆಲಸದ ಬಗ್ಗೆ ವೈದ್ಯರು ಕೇಳದೆ ಆಕೆಯೂ ಹೇಳದೆ ಹೋದರೆ ಕಾರಣ ತಿಳಿಯದು. ಕೈಗವಸು ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಂಡು, ಕಂದು ಮತ್ತು ಮಾಸನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಗರ್ಭಿಣಿಯರು ಈ ಕೆಲಸ ಮಾಡಲೇಬಾರದು. ಹಸಿಹಾಲು ಕುಡಿಯುವ ಅಭ್ಯಾಸವನ್ನೂ ಬಿಡಬೇಕು. ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಒಮ್ಮೆ ಹಾಕಿಸುವ ಲಸಿಕೆಯಿಂದ ಈ ರೋಗವನ್ನು ತಡೆಯಬಹುದು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಲಸಿಕೆಯೂ, ಆರು ತಿಂಗಳಿಗೊಮ್ಮೆ ಹಾಕುವ ಕಾಲುಬಾಯಿ ಜ್ವರದ ಲಸಿಕೆಯೂ ಉಚಿತ. ಆದರೂ ಲಸಿಕೆ ಹಾಕುವವರು ಬರುವ ದಿನ ಹಸುವನ್ನು ತೋಟಕ್ಕೆ ಅಟ್ಟುವ ಮನೆಗಳಿವೆ. ಒಂದೆರಡು ದಿನ ಹಾಲು ತಗ್ಗುತ್ತದೆಂಬ ಭಯ ಅದಕ್ಕೆ ಕಾರಣ. ತಗ್ಗುವುದು ನಿಜ, ಬೇಗ ಮರಳುವುದೂ ನಿಜ. ಕಾಲುಬಾಯಿ ಬಂದ ಹಸು ಆ ಸೂಲಿನಲ್ಲಿ ಮೊದಲಿನ ಹಾಲಿಗೆ ಮರಳುವುದು ಅಪರೂಪ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿ ಸಾವಿರಾರು ಜಾನುವಾರುಗಳು ಸತ್ತಾಗ ಒಂದೇ ಹಸುವನ್ನು ನಂಬಿದ ಮನೆಗಳ ಗತಿ ಏನಾಯಿತೆಂಬುದು ಊರೂರಿಗೂ ತಿಳಿದಿದೆ.

ಇಷ್ಟೆಲ್ಲವನ್ನೂ ಬಲ್ಲವರಾಗಬೇಕಾದವರು ಕೊಟ್ಟಿಗೆಯಲ್ಲಿ ದುಡಿಯುವವರು. ಆದರೆ ತರಬೇತಿಗಳ ಹಾಜರಿಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಸಂಘದ ಸದಸ್ಯತ್ವ ಯಾರ ಹೆಸರಿನಲ್ಲಿದೆಯೋ ಅವರ ಸಹಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೈಯೂ ಬಾಯಿಯೂ ಒಬ್ಬರದೇ ಎಂಬ ಊಹೆಯಿದೆ. ಹಾಲಿನ ಹಣ ಜಮೆಯಾಗುವ ಖಾತೆ ಗಂಡಸಿನದಾಗಿದ್ದರೆ ರಾತ್ರಿ ಹತ್ತು ಗಂಟೆಗೆ ವೈದ್ಯರನ್ನು ಕರೆಸುವ ತೀರ್ಮಾನವೂ ಆತನದೇ ಆಗುತ್ತದೆ. 1980ರ ದಶಕದ ಕೊನೆಯ ವರ್ಷಗಳಿಂದ ಕೇಂದ್ರದ ‘ಸ್ಟೆಪ್’ ಕಾರ್ಯಕ್ರಮದ ನೆರವಿನಿಂದ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘಗಳು ಬೆಳೆದವು. ಅಂತಹ ಸಂಘವಿಲ್ಲದ ಊರುಗಳಲ್ಲಿಯೂ ಸದಸ್ಯತ್ವ ಮತ್ತು ಖಾತೆಯನ್ನು ಹಸು ನೋಡಿಕೊಳ್ಳುವವರ ಹೆಸರಿಗೆ ಮಾಡಿಸಲು ಕಾರ್ಯದರ್ಶಿಗಳು ಮನೆಯವರ ಮನವೊಲಿಸಬಹುದು. ತರಬೇತಿಯನ್ನು ಹಗಲು ಹನ್ನೊಂದರಿಂದ ಎರಡರ ನಡುವೆ, ಊರಿನಲ್ಲಿಯೇ, ಒಂದು ಕೊಟ್ಟಿಗೆಯ ಮುಂದೆ ಇಟ್ಟುಕೊಂಡರೆ ಬರಬೇಕಾದವರು ಬರುತ್ತಾರೆ. ತಾಲ್ಲೂಕು ಕೇಂದ್ರದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಎಂದರೆ ಬರಲಾರರು.

ಕೊನೆಯದಾಗಿ ಒಂದು ಕೋರಿಕೆ. ಸಂಚಾರಿ ಪಶು ಚಿಕಿತ್ಸಾಲಯವನ್ನು ಕರೆಯಲು ಶುಲ್ಕವಿಲ್ಲದ ದೂರವಾಣಿ ಸಂಖ್ಯೆ 1962. ಇದನ್ನು ಪ್ರತಿ ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ, ಕತ್ತಲೆಯಲ್ಲಿ ಟಾರ್ಚ್ ಬಿಟ್ಟರೆ ಕಾಣುವಂತೆ ಬರೆಸಬೇಕು. ಅದರ ಕೆಳಗೆ ಸ್ಥಳೀಯ ಪಶುವೈದ್ಯರ ಸಂಖ್ಯೆಯೂ ಇರಲಿ. ಕರೆ ಮಾಡುವವರು ಊರಿನ ಹೆಸರಿನ ಜೊತೆಗೆ ಐದು ಸಂಗತಿಗಳನ್ನು ಹೇಳಿದರೆ ವೈದ್ಯರು ತಕ್ಕ ಔಷಧಿಯೊಡನೆ ಹೊರಡಬಹುದು: ಹಸು ಕರು ಹಾಕಿ ಎಷ್ಟು ದಿನವಾಯಿತು ಅಥವಾ ಗಬ್ಬವಾಗಿ ಎಷ್ಟು ತಿಂಗಳು, ಮೇವು ಬಿಟ್ಟದ್ದು ಯಾವ ಹೊತ್ತಿನಿಂದ, ಮೆಲುಕು ಇದೆಯೇ, ಸಗಣಿ ಹೇಗಿದೆ, ಎದ್ದು ನಿಲ್ಲುತ್ತದೆಯೇ. ಈ ಐದಕ್ಕೂ ಉತ್ತರ ತಿಳಿದವರ ಕೈಗೇ ಮನೆಯವರು ಫೋನು ಕೊಡಬೇಕು.